ಟ್ಯೂಬ್‌ಲೈಟಿಗೆ ಲಂಗ

"ನಿಮ್ಮ ದೊಡ್ಡಮ್ಮನಿಗೆ ಕಾಮಾಲೆ ಏನಾದ್ರೂ ಆಗಿದ್ಯೇನೋ?" ಅಂತ ಶಿವಮೊಗ್ಗದಿಂದ ಸೋದರಮಾವ ಫೋನ್ ಮಾಡಿದರು. ನಾವು ಮಾಡಿದ ಮೊದಲ ಅಡುಗೆ ವಿಡಿಯೊವನ್ನು ನೆಂಟರೆಲ್ಲ ನೋಡಿದ್ದಾರೆ, ಆದರೆ ಅಡುಗೆಯನ್ನು ಮಾತ್ರ ಯಾರೂ ನೋಡಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ.

ದೊಡ್ಡಮ್ಮನ ಮೆಣಸಿನ ಸಾರು ನಮ್ಮ ಕಡೆ ಹೆಸರುವಾಸಿ. ಅದನ್ನು ವಿಡಿಯೊ ಮಾಡಿ ಇಡೋಣ ಅಂತ ತುಮಕೂರಿನ ಅವರ ಮನೆಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿದ್ದೆ. ಅಡುಗೆಮನೆಗೆ ಎಡಗಡೆ ಒಂದು ಕಿಟಕಿ. ಮೇಲೆ ಚೋಕು, ಸ್ಟಾರ್ಟರು ಇರುವ ಹಳೇ ಕಾಲದ ಟ್ಯೂಬ್‌ಲೈಟು. ಬೆಳಕು ಸಾಲದು ಅಂತ ಬಲಗಡೆ ನಾನೊಂದು 1000 ವ್ಯಾಟಿನ ಹ್ಯಾಲೋಜನ್ ನಿಲ್ಲಿಸಿದ್ದೆ. ಮದುವೆ ವಿಡಿಯೊ ಮಾಡುತ್ತಿದ್ದ ಗೆಳೆಯ ಅಟ್ಟದಿಂದ ಇಳಿಸಿ ಕೊಟ್ಟಿದ್ದು. ಎಷ್ಟು ಮದುವೆಗಳಲ್ಲಿ ಹುಡುಗಿಯ ಪೌಡರನ್ನು ಬೆವರಾಗಿ ಇಳಿಸಿತ್ತೋ ಆ ದೀಪ.

ಮನೆಗೆ ಬಂದು ದೊಡ್ಡ ಪರದೆಯಲ್ಲಿ ಹಾಕಿ ನೋಡುತ್ತೇನೆ, ದೊಡ್ಡಮ್ಮನ ಎಡಗೆನ್ನೆ ನೀಲಿ, ಬಲಗೆನ್ನೆ ಅರಿಶಿನ, ಹಿಂದಿನ ಗೋಡೆ ತಿಳಿಹಸಿರು. ಸಾರಂತೂ ಹಳೇ ಕಲ್ಯಾಣಿಯ ಪಾಚಿ ನೀರು. ಆಣೆ ಮಾಡಿ ಹೇಳುತ್ತೇನೆ, ಅಲ್ಲಿ ನಿಂತು ನೋಡಿದಾಗ ಇದ್ಯಾವುದೂ ಕಂಡಿರಲಿಲ್ಲ. ನಮ್ಮ ತಲೆ ಒಳಗೊಳಗೇ ಎಲ್ಲವನ್ನೂ ಸರಿಮಾಡಿಕೊಂಡುಬಿಡುತ್ತದೆ. ಮಲ್ಲಿಗೆಯನ್ನು ಹಣತೆ ಬೆಳಕಲ್ಲಿ ನೋಡಿದರೂ ಬಿಳಿ, ಬಿಸಿಲಲ್ಲಿ ನೋಡಿದರೂ ಬಿಳಿ. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯ ಇಲ್ಲ. ವೈಟ್ ಬ್ಯಾಲೆನ್ಸ್, ಅಂದರೆ ಯಾವ ಬೆಳಕನ್ನು ಬಿಳಿ ಅಂತ ತಿಳಿಯಬೇಕು ಅಂತ ಕ್ಯಾಮೆರಾಕ್ಕೆ ಹೇಳುವ ಗುಂಡಿ, ಬದಲಿಸಬಹುದಲ್ಲಾ ಅಂತೀರಿ, ಬದಲಿಸಿದೆ. ಬಲಗೆನ್ನೆ ಸರಿಹೋದರೆ ಕಿಟಕಿ ಕಡೆಯದು ನೀಲಮೇಘಶ್ಯಾಮ, ಕಿಟಕಿ ಕಡೆಯದು ಸರಿಹೋದರೆ ಬಲಗೆನ್ನೆಗೆ ಮತ್ತೆ ಕಾಮಾಲೆ. ಮೂರು ಬೆಳಕಿಗೆ ಮೂರು ಬಣ್ಣ ಇರುವಾಗ ಒಂದು ಗುಂಡಿ ತಿರುಗಿಸಿ ಮಾಡುವುದೇನು?

ಇದಕ್ಕೆ ಮದ್ದು ಅಂದರೆ ದೀಪದ ಮುಂದೆ ಜೆಲ್ ಅನ್ನುವ ಬಣ್ಣದ ಪಾರದರ್ಶಕ ಹಾಳೆ ಹಾಕುವುದು ಅಂತ ಆಮೇಲೆ ಗೊತ್ತಾಯಿತು. ಜೆಲ್ ಅಂದ ತಕ್ಷಣ ನನಗೆ ನೆನಪಾಗಿದ್ದು ಊರಿನ ನಾಟಕ. ಬಣ್ಣದ ಕಾಗದ ಅಂಟಿಸಿದ ಚಕ್ರವನ್ನು ಒಬ್ಬ ಹುಡುಗ ಲೈಟಿನ ಮುಂದೆ ತಿರುಗಿಸುತ್ತಾ ಕೂತಿರುತ್ತಿದ್ದ, ರಾಕ್ಷಸ ಬಂದರೆ ಕೆಂಪು, ದೇವರು ಬಂದರೆ ನೀಲಿ, ಹುಡುಗನಿಗೆ ನಿದ್ದೆ ಬಂದರೆ ರಾಕ್ಷಸನಿಗೂ ನೀಲಿ. ವಿಡಿಯೊದವರ ಜೆಲ್ಲಿನ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಬಣ್ಣ ಇದೆ ಅಂತಲೇ ಗೊತ್ತಾಗದ ಹಾಗೆ ಮಾಡುವುದು ಅದರ ಕೆಲಸ.

ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಉಷ್ಣತೆಯ ಲೆಕ್ಕದಲ್ಲಿ ಹೇಳುತ್ತಾರೆ. ಹ್ಯಾಲೋಜನ್ 3200, ನಡುಹಗಲಿನ ಬಿಸಿಲು ಸುಮಾರು 5500, ನಮ್ಮ ಅಂಗಡಿಗಳಲ್ಲಿ ಸಿಗುವ ಬಿಳಿ ಟ್ಯೂಬಿನ ಡಬ್ಬದ ಮೇಲೆ 6500 ಅಂತ ಇರುತ್ತದೆ. ನಂಬರ್ ಏರಿದಷ್ಟೂ ನೀಲಿ, ಅದಕ್ಕೆ 'ಕೂಲ್' ಅಂತ ಹೆಸರು. ಇಳಿದಷ್ಟೂ ಕಿತ್ತಳೆ, ಅದು 'ವಾರ್ಮ್'. ಇಷ್ಟು ಹೇಳುವಷ್ಟರಲ್ಲಿ ದೊಡ್ಡಮ್ಮ ತಡೆದರು. "ಡಿಗ್ರಿ ಜಾಸ್ತಿ ಆದ್ರೆ ತಣ್ಣಗಾ? ಯಾವ ಪುಣ್ಯಾತ್ಮ ಹೇಳಿಕೊಟ್ಟಿದ್ದೋ ನಿಂಗೆ?" ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಆಮೇಲೆ ಹಳದಿಯಾಗಿ, ಇನ್ನೂ ಕಾದರೆ ಬೆಳ್ಳಗಾಗಲ್ವಾ, ಹಾಗೆ ಅಂತ ವಿವರಿಸಿದೆ. "ಓ, ಕೆಂಡ ಕೆಂಪು, ಗ್ಯಾಸಿನ ಉರಿ ನೀಲಿ, ಅಷ್ಟೇ ತಾನೆ" ಅಂದರು. ಗ್ಯಾಸಿನ ಉರಿ ನೀಲಿಯಾಗುವ ಕಾರಣವೇ ಬೇರೆ, ಆದರೆ ಸೌಟು ಹಿಡಿದವರ ಹತ್ತಿರ ಯಾರು ವಾದ ಮಾಡ್ತಾರೆ.

ಜೆಲ್ಲಿಗೆ ಯಾಕೆ ದುಡ್ಡು ಹಾಕಬೇಕು ಅಂತ ಸ್ಟೇಷನರಿ ಅಂಗಡಿಯಿಂದ ಹತ್ತು ರೂಪಾಯಿಗೆ ನೀಲಿ ಜಿಲೆಟಿನ್ ಪೇಪರ್ ತಂದೆ. ಹ್ಯಾಲೋಜನ್ ಮೂತಿಗೆ ಬಿಗಿಯಾಗಿ ಸುತ್ತಿ, ದೊಡ್ಡಮ್ಮನ ತಂತಿಯಿಂದ ನಾಲ್ಕು ಪ್ಲಾಸ್ಟಿಕ್ ಬಟ್ಟೆ ಕ್ಲಿಪ್ಪು ಕಿತ್ತು ಸಿಕ್ಕಿಸಿದೆ. ದೊಡ್ಡಮ್ಮ ಒಗ್ಗರಣೆಗೆ ತುಪ್ಪ ಕಾಯಿಸಿ ಸಾಸಿವೆ ಹಾಕಿದರು. ಏನೋ ಸೀದ ವಾಸನೆ. "ಅಯ್ಯೋ, ಸಾಸಿವೆ ಸೀದೋಯ್ತು" ಅಂತ ಬಾಣಲೆ ಇಳಿಸಿದರು. ಸಾಸಿವೆ ಚೆನ್ನಾಗೇ ಇತ್ತು. ಪೇಪರ್ ಸುರುಟಿಕೊಂಡು ನಡುವೆ ಅಂಗೈ ಅಗಲ ತೂತಾಗಿತ್ತು, ಒಂದು ಕ್ಲಿಪ್ಪು ಕರಗಿ ಮೇಣದ ಹಾಗೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಸಿನಿಮಾದವರು ಇದಕ್ಕೆ ಮರದ ಕ್ಲಿಪ್ಪನ್ನೇ ಯಾಕೆ ಬಳಸುತ್ತಾರೆ, ಹಾಳೆಯನ್ನು ದೀಪಕ್ಕೆ ತಾಗಿಸದೆ ಮುಂದಿನ ತಗಡಿನ ರೆಕ್ಕೆಗಳಿಗೆ ಯಾಕೆ ಸಿಕ್ಕಿಸುತ್ತಾರೆ ಅಂತ ಆವತ್ತು ಯಾರೂ ಹೇಳಿಕೊಡದೆ ಕಲಿತೆ. ಆ ನೆಲದ ಕಲೆ ಈಗಲೂ ಇದೆ. ಹಬ್ಬಕ್ಕೆ ಹೋದಾಗಲೆಲ್ಲ ತೋರಿಸುತ್ತಾರೆ.

ಸರಿ, ನಿಜವಾದ ಜೆಲ್ಲನ್ನೇ ಬೆಂಗಳೂರಿನಿಂದ ತರಿಸೋಣ ಅಂತ ಗೆಳೆಯನಿಗೆ ಫೋನ್ ಮಾಡಿದೆ. ಈ ಹಾಳೆಗಳು ಫುಲ್, ಹಾಫ್, ಕ್ವಾರ್ಟರ್ ಅಂತ ಬರುತ್ತವೆ, ಎಷ್ಟು ಬಣ್ಣ ಬದಲಾಗಬೇಕು ಅನ್ನುವುದರ ಮೇಲೆ. ನಾನು ಜಗಲಿಯಲ್ಲಿ ಕೂತು ಜೋರಾಗಿ "ಎರಡು ಫುಲ್ ತಗೊಂಡು ಬಾರೋ, ಸಾಲದೆ ಹೋದ್ರೆ ಇರಲಿ ಅಂತ ನಾಲ್ಕು ಕ್ವಾರ್ಟರ್ರೂ ಇರಲಿ" ಅಂದಿದ್ದು ಒಳಗಿದ್ದ ದೊಡ್ಡಪ್ಪನಿಗೆ ಕೇಳಿಸಿದೆ. ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹಾಳೆ ಬಂದ ಮೇಲೆ ಬಿಚ್ಚಿ ತೋರಿಸಿದರೂ ನಂಬಿದ ಹಾಗೆ ಕಾಣಲಿಲ್ಲ. ಮುಖದಲ್ಲಿ ಒಂಚೂರು ನಿರಾಸೆಯೂ ಇತ್ತು ಅಂತ ನನ್ನ ಅನುಮಾನ.

ಹ್ಯಾಲೋಜನ್ನಿನ ಕಿತ್ತಳೆ ಬೆಳಕನ್ನು ಹಗಲಿನ ಬಣ್ಣಕ್ಕೆ ತರುವುದು ಸಿಟಿಬಿ ಅನ್ನುವ ನೀಲಿ ಹಾಳೆ. ಹಗಲಿನ ಬೆಳಕನ್ನು ಕಿತ್ತಳೆಗೆ ಎಳೆಯುವುದು ಸಿಟಿಒ. ಇದು ಗೊತ್ತಿದ್ದೂ ಗಡಿಬಿಡಿಯಲ್ಲಿ ಹ್ಯಾಲೋಜನ್ನಿಗೇ ಸಿಟಿಒ ಹಾಕಿ, ಬೆಲ್ಲಕ್ಕೆ ಸಕ್ಕರೆ ಸುರಿದ ಹಾಗಾಗಿ, ಸಾರು ಕುಂಕುಮ ಕದಡಿದ ಆರತಿ ನೀರಿನ ಹಾಗೆ ಕಂಡು, ದೊಡ್ಡಮ್ಮ "ಇದನ್ನ ದೃಷ್ಟಿ ತೆಗೆದು ಬೀದಿಗೆ ಚೆಲ್ಲಬೇಕಷ್ಟೆ" ಅಂದರು. ಬದಲಿಸಿ ಫುಲ್ ಸಿಟಿಬಿ ಹಾಕಿದೆ. ಬಣ್ಣ ಪಕ್ಕಾ ಕೂತಿತು, ಬೆಳಕೇ ಹೋಯಿತು! ಆ ಹಾಳೆ ಒಳಗೆ ಬಂದ ಬೆಳಕಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ನುಂಗಿಬಿಡುತ್ತದೆ. 1000 ವ್ಯಾಟ್ ಉರಿಸಿ ಮೀಟರ್ ಗಿರ್ರನೆ ತಿರುಗಿಸಿ ಸಿಕ್ಕಿದ್ದು ಮಂಕು ಬೆಳಕು. ಶಾಖ ಮಾತ್ರ ಏನೂ ಕಡಿಮೆ ಇಲ್ಲ.

ಹಾಗಾದರೆ ದೀಪ ಬಿಟ್ಟು ಕಿಟಕಿಗೇ ಹಾಕೋಣ ಅಂದುಕೊಂಡೆ. ದೊಡ್ಡ ಶೂಟಿಂಗುಗಳಲ್ಲಿ ಹಾಗೇ ಮಾಡುತ್ತಾರೆ, ಅದಕ್ಕೇ ನಾಲ್ಕಡಿ ಅಗಲ, 25 ಅಡಿ ಉದ್ದದ ಸುರುಳಿ ಸಿಗುವುದು. ಗಾಜಿನ ಕಿಟಕಿಯಾದರೆ ನೀರು ಚಿಮುಕಿಸಿ ಅಂಟಿಸಬಹುದಂತೆ. ದೊಡ್ಡಮ್ಮನ ಕಿಟಕಿಯಲ್ಲಿ ಗಾಜೆಲ್ಲಿ, ಕಬ್ಬಿಣದ ಸರಳು ಮತ್ತು ಸೊಳ್ಳೆ ಪರದೆ. ಟೇಪು ಹಾಕಿ ಸಿಟಿಒ ಹಾಳೆ ಬಿಗಿದೆ. ಗಾಳಿ ಬಂದಾಗೆಲ್ಲ ಪಟಪಟ ಪಟಪಟ. ಸಾರು ಕುದಿಯುವ ಸದ್ದು ರೆಕಾರ್ಡ್ ಮಾಡೋಣ ಅಂದರೆ ಪಾರಿವಾಳದ ಗೂಡು ಒಳಗೇ ಇದ್ದ ಹಾಗೆ. ಆದರೂ ಬಣ್ಣ ಚೆನ್ನಾಗಿ ಬಂತು, ಅಡುಗೆಮನೆ ಪೂರ್ತಿ ಬಂಗಾರದ ಬೆಳಕು. ದೊಡ್ಡಮ್ಮ ಮೆಣಸಿನ ಪುಡಿ ಹಾಕಲು ಕೈ ಎತ್ತಿದ್ದಾರೆ, ಹಿಂದುಗಡೆಯಿಂದ ಅಜ್ಜಿ, ಅಂದರೆ ದೊಡ್ಡಮ್ಮನ ಅತ್ತೆ, ಫ್ರೇಮಿನೊಳಗೆ ಬಂದರು. ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಕೈಯಲ್ಲಿ ಎಣ್ಣೆ ಗಿಂಡಿ. "ದೀಪ ಹಚ್ಚೋ ಹೊತ್ತಲ್ಲಿ ಇದೇನು ಅಡುಗೆ?" ಅಂದರು. ಗಂಟೆ ಎರಡೂಕಾಲು. ಎಷ್ಟು ಹೇಳಿದರೂ ಕೇಳಲಿಲ್ಲ. ಹಚ್ಚಿದರು. ಆಮೇಲೆ ಆರೂವರೆಗೆ ಇನ್ನೊಂದು ಸಲ ಹಚ್ಚಿ, ಇವತ್ತು ಯಾಕೋ ದಿನ ಬಹಳ ಉದ್ದ ಅಂದರು.

ಟ್ಯೂಬ್‌ಲೈಟಿನ ಹಸಿರು ಇನ್ನೂ ಉಳಿದಿತ್ತು. ಕಿತ್ತಳೆಯೋ ನೀಲಿಯೋ ಹಾಕಿದರೆ ಅದು ಹೋಗುವುದಿಲ್ಲ. ಅದಕ್ಕೆ ಮೈನಸ್ ಗ್ರೀನ್ ಅಂತ ಬೇರೆಯೇ ಹಾಳೆ, ನೋಡಲು ತೆಳು ಗುಲಾಬಿ. ಸ್ಟೂಲ್ ಹತ್ತಿ ಟ್ಯೂಬಿಗೆ ಸುತ್ತಿ ನೆರಿಗೆ ಸರಿಮಾಡುತ್ತಿದ್ದೆ. ಕೆಳಗಿನಿಂದ ದೊಡ್ಡಮ್ಮ ಬಹಳ ಹೊತ್ತು ನೋಡಿ, "ಅಲ್ವೋ, ಟ್ಯೂಬ್‌ಲೈಟಿಗೆ ಲಂಗ ಹಾಕ್ತಾ ಇದ್ಯಲ್ಲ, ಅದನ್ನ ಆರಿಸಿಬಿಟ್ರೆ ಆಗಲ್ವಾ?" ಅಂದರು.

ಆರಿಸಿದೆ. ಹ್ಯಾಲೋಜನ್ನನ್ನೂ ಆರಿಸಿದೆ. ಒಲೆಯನ್ನು ಕಿಟಕಿ ಕಡೆಗೆ ಎರಡಡಿ ಎಳೆದು, ಕಿಟಕಿಯ ಬೆಳಕು ತಿರುಗಿ ಬೀಳಲಿ ಅಂತ ಬಲಗಡೆ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ, ಬೆಳಿಗ್ಗೆ ಹತ್ತೂವರೆಗೆ ವಿಡಿಯೊ ಮಾಡಿದೆವು. ಸಾರು ಸಾರಿನ ಬಣ್ಣದಲ್ಲೇ ಬಂತು. ಥರ್ಮಾಕೋಲ್ ಅವರ ಮನೆ ಫ್ರಿಜ್ಜಿನ ಡಬ್ಬದ್ದೇ, ಖರ್ಚಿಲ್ಲ. ಜೆಲ್ಲಿಗೆ ಎಷ್ಟು ಖರ್ಚಾಯಿತು ಅಂತ ದೊಡ್ಡಪ್ಪ ಕೇಳಿದಾಗ ಫೋನ್ ಬಂದ ಹಾಗೆ ಮಾಡಿ ಹೊರಗೆ ಹೋದೆ.

ಉಳಿದ ಹಾಳೆಗಳನ್ನು ಬೀದಿಯ ಹುಡುಗರು ಗಣಪತಿ ಪೆಂಡಾಲಿಗೆ ಬೇಕು ಅಂತ ಇಸಕೊಂಡು ಹೋದರು. ಮೊದಲೇ 6500ರ ಎಲ್‌ಇಡಿ, ಅದರ ಮೇಲೆ ಫುಲ್ ಸಿಟಿಬಿ ಎರಡು ಪದರ. ಸಂಜೆ ದೊಡ್ಡಮ್ಮ, ಅಜ್ಜಿ ಇಬ್ಬರ ಜೊತೆ ನೋಡಲು ಹೋದೆ. ಗಣಪತಿ ಕಡುನೀಲಿ, ಕಡುಬು ನೀಲಿ, ಪುರೋಹಿತರೂ ನೀಲಿ. ಅಜ್ಜಿ ಒಂದು ನಿಮಿಷ ಕಣ್ಣರಳಿಸಿ ನೋಡಿ, ಕೈಮುಗಿದು, "ಕೃಷ್ಣಾ" ಅಂದರು.