ದೊಡ್ಡಪ್ಪನ 15 ತುಣುಕುಗಳು
ಕಳೆದ ತಿಂಗಳು ಬೆಂಗಳೂರಿಗೆ ಬಂದಿದ್ದಾಗ, ಜಯನಗರದ ಮನೆಯಲ್ಲಿ ದೊಡ್ಡಪ್ಪ ತಮ್ಮ ಪ್ರಾಸ್ಟೇಟ್ ಗ್ರಂಥಿಯ ಬಯಾಪ್ಸಿಯ (ಸೂಜಿಯಿಂದ ತುಣುಕು ತೆಗೆದು ಕ್ಯಾನ್ಸರ್ ಇದೆಯೇ ಎಂದು ನೋಡುವ ಪರೀಕ್ಷೆ) ವರದಿಯನ್ನು ನನ್ನ ಕೈಗಿತ್ತರು. ಒಟ್ಟು 15 ತುಣುಕುಗಳು: ಗ್ರಂಥಿಯ ಎಡಬಲಗಳಿಂದ ಕ್ರಮವಾಗಿ ತೆಗೆದವು 12, ಎಂಆರ್‌ಐನಲ್ಲಿ ಕಂಡ ಮಚ್ಚೆಯಿಂದ ತೆಗೆದವು 3. ಆ ಹನ್ನೆರಡರಲ್ಲಿ ಏನೂ ಇರಲಿಲ್ಲ. ಮಚ್ಚೆಯ ಮೂರರ ಪೈಕಿ ಎರಡರಲ್ಲಿ ಗ್ಲೀಸನ್ 3+4, ಅಂದರೆ ಮಧ್ಯಮ ಅಪಾಯದ ಕ್ಯಾನ್ಸರ್, ಎಂದು ಬರೆದಿತ್ತು. “ಕಂಡ ಜಾಗಕ್ಕೇ ಸೂಜಿ ಹಾಕಿದ್ದರೆ ಸಾಕಾಗ್ತಿರಲಿಲ್ವೇನೋ?” ಎಂದು ಅವರು ಕೇಳಿದರು.

ಎರಡು ವರ್ಷದ ಹಿಂದೆ ಲಂಡನ್‌ನಲ್ಲಿ ನನಗೂ ಪಿಎಸ್‌ಎ (ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ, ರಕ್ತದಲ್ಲಿನ ಅಂಶ) ಏರಿ, ಇದೇ ಪರೀಕ್ಷೆಯಾಗಿತ್ತು. ಅಲ್ಲಿ ಮೊದಲು ಎಂಆರ್‌ಐ, ಆಮೇಲೆ ಸೂಜಿ. ವೈದ್ಯರು ಪರದೆಯ ಮೇಲೆ ಮಚ್ಚೆಯನ್ನು ತೋರಿಸಿ, ನಾಲ್ಕು ತುಣುಕು ಏಕೆ ಬೇಕೆಂದು ಹೇಳಿದ ಮೇಲೆಯೇ ನನ್ನ ಸಹಿ ಪಡೆದರು. ಸ್ಪ್ರಿಂಗ್ ಸೂಜಿ ನಾಲ್ಕು ಸಲ ಟಕ್ ಎಂದಿತು. ದಾರದೆಳೆಯಷ್ಟು ತೆಳ್ಳನೆಯ ತುಣುಕುಗಳು ಫಾರ್ಮಲಿನ್ ಡಬ್ಬಿ ಸೇರಿದವು.

ಈ ಕ್ರಮಕ್ಕೆ ಆಧಾರವಿದೆ. 500 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಿಸಿಷನ್ ಅಧ್ಯಯನದಲ್ಲಿ, ಮೊದಲು ಎಂಆರ್‌ಐ ಮಾಡಿ, ಮಚ್ಚೆ ಕಂಡವರಿಂದ ಮಾತ್ರ ಗುರಿಯಿಟ್ಟು ತುಣುಕು ತೆಗೆದ ಗುಂಪಿನ 38% ಜನರಲ್ಲಿ ಚಿಕಿತ್ಸೆಗೆ ಮುಖ್ಯವಾದ ಕ್ಯಾನ್ಸರ್ ಸಿಕ್ಕಿತು. ಎಂಆರ್‌ಐ ಇಲ್ಲದ ಹಳೆಯ ಕ್ರಮದಲ್ಲಿ 26% ಜನರಲ್ಲಿ. ಅಪಾಯ ಕಡಿಮೆಯಿರುವ, ಸುಮ್ಮನೆ ಆತಂಕ ತರುವ ಗಂಟುಗಳು ಮೊದಲ ಗುಂಪಿನಲ್ಲಿ 9%, ಎರಡನೆಯದರಲ್ಲಿ 22%.

ಹಾಗೆಂದು ಮಚ್ಚೆಯಿಂದ ಒಂದೇ ತುಣುಕು ತೆಗೆದರೆ ಸಾಲದು. ಸೂಜಿ ಒತ್ತಿದಾಗ ಗ್ರಂಥಿ ಸರಿಯುತ್ತದೆ, ಮೊದಲೇ ತೆಗೆದ ಚಿತ್ರಕ್ಕೂ ಆ ಕ್ಷಣದ ಅಲ್ಟ್ರಾಸೌಂಡಿಗೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಒಂದೇ ಗಂಟಿನೊಳಗೂ ಒಂದು ಕಡೆ ಕಡಿಮೆ ಅಪಾಯದ 3+3 ಇದ್ದು ಪಕ್ಕದಲ್ಲೇ 3+4 ಇರಬಹುದು. ಆದ್ದರಿಂದ ಮಚ್ಚೆಯಿಂದ ಮೂರರಿಂದ ಐದು, ಅದರ ಆಸುಪಾಸಿನಿಂದ ಇನ್ನು ಕೆಲವು ತೆಗೆಯುವುದು ನನಗೆ ಸರಿಯೆನಿಸುತ್ತದೆ. ಎಂಆರ್‌ಐಗೆ ಕಾಣದ ಕ್ಯಾನ್ಸರೂ ಇರುವುದರಿಂದ, ಸ್ಕ್ಯಾನ್ ಸ್ಪಷ್ಟವಿಲ್ಲದಿದ್ದರೆ, ಅಥವಾ ಸ್ಕ್ಯಾನ್‌ನಲ್ಲಿ ಮಚ್ಚೆ ಕಾಣದಿದ್ದರೂ ಪಿಎಸ್‌ಎ ಶಂಕೆ ಹುಟ್ಟಿಸುವಂತಿದ್ದರೆ, ಆ ಹನ್ನೆರಡನ್ನು ಬಿಡಬಾರದು. ಎಂಆರ್‌ಐ ಖರ್ಚನ್ನು ಮನೆಯವರೇ ಹೊರಬೇಕಾದ ಎಷ್ಟೋ ಕುಟುಂಬಗಳಿಗೆ ಆ ಹನ್ನೆರಡೇ ಆಧಾರವೆಂಬುದನ್ನೂ ಲಂಡನ್‌ನಿಂದ ಬಂದವನು ಮರೆಯಬಾರದು.

ದೊಡ್ಡಪ್ಪನ ವಿಷಯದಲ್ಲಿ ನನಗೆ ನೋವಾದದ್ದು ಬೇರೆಯೇ ಕಾರಣಕ್ಕೆ: 15 ಎಂಬ ಸಂಖ್ಯೆ ಅವರಿಗೆ ತಿಳಿದದ್ದು ವರದಿ ಬಂದ ಮೇಲೆ. ಮುಂದಿನ ಭೇಟಿಗೆಂದು ಅವರು ಡೈರಿಯಲ್ಲಿ ಬರೆದುಕೊಂಡ ಮೊದಲ ಪ್ರಶ್ನೆ, “ಖಾಲಿ ಬಂದ 12ರಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?”