ಬಾರ್ ಕೆಳಗಿಟ್ಟ ಮೇಲಿನ ನಿಮಿಷಗಳು

ಓಡುವ ಮುಂಚೆ, ಜಿಗಿಯುವ ಮುಂಚೆ ಭಾರದ ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕುಳಿತು ಏಳುವುದು) ಹೊಡೆದರೆ ಕಾಲಿಗೆ ಸ್ಪ್ರಿಂಗ್ ಬರುತ್ತದೆ ಅನ್ನೋ ವಿಡಿಯೊಗಳು ಈಗ ದಿನಕ್ಕೆರಡಾದರೂ ಕಣ್ಣಿಗೆ ಬೀಳುತ್ತವೆ. ಪೂರ್ತಿ ಸುಳ್ಳೇನಲ್ಲ. ಆದರೆ ಬಾರ್ ಕೆಳಗಿಟ್ಟು ಸುಮ್ನೆ ಕಾಯುವ ಭಾಗವನ್ನು ಅದರಲ್ಲಿ ಕತ್ತರಿಸಿ ಬಿಸಾಡಿರುತ್ತಾರೆ. ನನ್ನನ್ನು ಕೇಳಿದರೆ ಗುಟ್ಟೆಲ್ಲ ಇರುವುದು ಅಲ್ಲೇ.

ನಾನೂ ಹಾಗೇ ಮಾಡಿ ಕೆಟ್ಟವನು. ಲಾಂಗ್ ಜಂಪ್ ಅಭ್ಯಾಸದ ದಿನ ಮೂರು ರೆಪ್ ಭಾರದ ಸ್ಕ್ವಾಟ್ ಮಾಡಿ, ಒಂದು ಗುಟುಕು ನೀರು ಕುಡಿದು ಸೀದಾ ರನ್‌ವೇಗೆ ಹೋದೆ. ಕಾಲು ಮರದ ದಿಮ್ಮಿ ಆಗಿತ್ತು. ದಿನಾ ಜಿಗಿಯುವಷ್ಟೂ ಜಿಗಿಯಲಿಲ್ಲ. ಇದೆಲ್ಲ ಬೊಗಳೆ ಅಂದುಕೊಂಡು ವರ್ಷಗಟ್ಟಲೆ ಅದರ ಗೋಜಿಗೇ ಹೋಗಲಿಲ್ಲ.

ಆಗಿದ್ದೇನೆಂದರೆ, ಭಾರ ಎತ್ತಿದಾಗ ಸ್ನಾಯುವಿಗೆ ದಣಿವೂ ಬರುತ್ತದೆ, ಹುರುಪೂ ಬರುತ್ತದೆ. ಎರಡೂ ಒಟ್ಟಿಗೇ. ಮೊದಲ ಕೆಲವು ನಿಮಿಷ ದಣಿವಿನದೇ ಮೇಲುಗೈ. ಅದು ಇಳಿದು, ಹುರುಪು ಇನ್ನೂ ಉಳಿದಿರುವ ಸಣ್ಣ ಸಂದಿಯಲ್ಲಿ ಜಿಗಿಯಬೇಕು.

ಈ ಹುರುಪು ಏನು ಅನ್ನೋದು ಇನ್ನೂ ಸ್ವಾರಸ್ಯ. ಸ್ನಾಯುವನ್ನು ಕುಗ್ಗಿಸುವ ಮಯೋಸಿನ್ ಎಂಬ ಪ್ರೋಟೀನಿನ ಒಂದು ಸಣ್ಣ ಭಾಗಕ್ಕೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ಆಗ ಅಷ್ಟೇ ಕ್ಯಾಲ್ಸಿಯಂಗೆ (ಕುಗ್ಗು ಎಂದು ಸ್ನಾಯುವಿಗೆ ಸೂಚನೆ ಕೊಡುವುದು ಅದೇ) ಸ್ನಾಯು ಜಾಸ್ತಿ ಬಲ ಕೊಡುತ್ತದೆ ಎಂಬುದು ಹಳೆಯ ವಿವರಣೆ. ಅದು ನಿಜವೇ. ಆದರೆ ಆ ಪರಿಣಾಮ ಸುಮಾರು ಅರ್ಧ ನಿಮಿಷದಲ್ಲೇ ಅರ್ಧಕ್ಕಿಳಿಯುತ್ತದೆ. ಆಟಗಾರರು ಚೆನ್ನಾಗಿ ಜಿಗಿಯುವುದು ಆರೇಳು ನಿಮಿಷ ಕಳೆದ ಮೇಲೆ! ಲೆಕ್ಕ ಕೂಡಲಿಲ್ಲ ಅಲ್ವಾ? ಇವೆರಡನ್ನೂ ಒಂದೇ ಹೆಸರಲ್ಲಿ ಕರೆಯಬೇಡಿ ಎಂದು ಸಂಶೋಧಕರಾದ ಬ್ಲೇಜವಿಚ್ ಮತ್ತು ಬಬೋ 2019ರಲ್ಲಿ ವಾದಿಸಿದ್ದು ಇದಕ್ಕೇ. ತಡವಾಗಿ ಬರುವ ಹುರುಪಿಗೆ ಸ್ನಾಯುವಿನ ಬಿಸಿ, ಒಳಗೆ ಸೇರುವ ನೀರು, ನರಗಳ ಚುರುಕು ಇವೆಲ್ಲ ಕಾರಣ ಇರಬಹುದು ಎಂಬುದು ಅವರ ಮಾತು. ಅಂದರೆ ಇದರಲ್ಲಿ ಒಂದಷ್ಟು ಪಾಲು ಬರೀ ಒಳ್ಳೆ ವಾರ್ಮ್ ಅಪ್‌ನದೇ. ಅರೆಬರೆ ವಾರ್ಮ್ ಅಪ್ ಮಾಡಿದವರಿಗೆ ಸ್ಕ್ವಾಟ್ ಪವಾಡದಂತೆ ಕಂಡರೆ ಆಶ್ಚರ್ಯವಿಲ್ಲ.

ಇದು ಎಲ್ಲರಿಗೂ ಒಗ್ಗುವುದೂ ಇಲ್ಲ. ಸೈಟ್ಸ್ ಮತ್ತು ಹಾಫ್ ಎಂಬ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2016ರಲ್ಲಿ ಬರೆದದ್ದು ನೋಡಿ. ತಮ್ಮ ತೂಕದ 1.75 ಪಟ್ಟು ಸ್ಕ್ವಾಟ್ ಮಾಡಬಲ್ಲವರಿಗೆ ಲಾಭ ಜಾಸ್ತಿ, ಅವರಿಗೆ 5ರಿಂದ 7 ನಿಮಿಷದ ಬಿಡುವು ಸಾಕು. ಉಳಿದವರಿಗೆ 8 ನಿಮಿಷವಾದರೂ ಬೇಕು. 70 ಕೆಜಿ ತೂಗುವವರಿಗೆ ಆ 1.75 ಪಟ್ಟು ಅಂದರೆ 122 ಕೆಜಿಗೂ ಮೇಲಾಯಿತು. ಇನ್ನೂ ಸರಿಯಾಗಿ ಕುಳಿತು ಏಳಲು ಕಲಿಯದ ಹುಡುಗರ ಹೆಗಲಿಗೆ ರೇಸಿನ ದಿನ ಬಾರ್ ಹೇರುವ ಕೋಚ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ದೊಡ್ಡ ಕೂಟಗಳಲ್ಲಂತೂ ಇನ್ನೊಂದು ತಾಪತ್ರಯ. ಸ್ಪರ್ಧೆಗೆ ಮುಂಚೆ ಕಾಲ್ ರೂಮಿನಲ್ಲಿ, ಅಂದರೆ ಹೆಸರು ಕರೆದು ಆಟಗಾರರನ್ನು ಸೇರಿಸುವ ಕೋಣೆಯಲ್ಲಿ, ಕೂರಿಸಿರುತ್ತಾರೆ. ಅಲ್ಲಿ ಬಾರ್ಬೆಲ್ ಎಲ್ಲಿಂದ ತರೋದು? ಅದಕ್ಕೇ ಅನೇಕರು ನಾಲ್ಕೈದು ಜೋರು ಜಿಗಿತಗಳನ್ನು ಹಾಕಿಕೊಳ್ಳುತ್ತಾರೆ. ಸಾಮಾನು ಬೇಡ, ದಣಿವೂ ಕಮ್ಮಿ. ಸ್ಪರ್ಧೆಯ ದಿನಕ್ಕೆ ನನಗೂ ಇದೇ ಸರಿ ಅನ್ನಿಸುತ್ತದೆ. ಭಾರದ ಸ್ಕ್ವಾಟ್ ಏನಿದ್ದರೂ ಅಭ್ಯಾಸಕ್ಕೆ ಇರಲಿ. ಗಡಿಯಾರ ನಮ್ಮ ಕೈಯಲ್ಲಿ ಇರುವುದು ಅಲ್ಲಿ ಮಾತ್ರ. ಸಿಗುವ ಲಾಭವೂ ಸಣ್ಣದೇ, ಬಹಳವೆಂದರೆ ಶೇಕಡಾ ಕೆಲವು ಅಂಕ. ಸೆಕೆಂಡಿನ ನೂರರ ಒಂದು ಭಾಗಕ್ಕೆ ಒದ್ದಾಡುವವರಿಗೆ ಅದು ದೊಡ್ಡದು, ವಾರಕ್ಕೆರಡು ದಿನ ಫುಟ್‌ಬಾಲ್ ಆಡುವವರಿಗೆ ಅಲ್ಲ.

ಕೊನೆಗೆ ನಾನೂ ನನ್ನ ಜೊತೆ ಓಡುವ ಗೆಳೆಯನೂ ಬೇರೆ ಬೇರೆ ದಿನ 4, 6, 9, 12 ನಿಮಿಷ ಬಿಟ್ಟು ಜಿಗಿದು ಬರೆದಿಟ್ಟುಕೊಂಡೆವು. ಅವನಿಗೆ ಆರು, ನನಗೆ ಒಂಬತ್ತು. ನನಗಿಂತ ಜಾಸ್ತಿ ಭಾರ ಎತ್ತುವವನು ಅವನೇ. ಆ ಒಂಬತ್ತು ನಿಮಿಷ ಕೂತರೆ ಮೈ ಆರಿಹೋಗುತ್ತದೆ, ಹಾಗಾಗಿ ಜಾಕೆಟ್ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿರುತ್ತೇನೆ. ಅವನು ಆಗಲೇ ಜಿಗಿದು ಮರಳು ಕೊಡವಿಕೊಳ್ಳುತ್ತಾ ನನ್ನನ್ನು ನೋಡಿ ನಗುತ್ತಿರುತ್ತಾನೆ.