ಹುಟ್ಟಿದ ವರ್ಷ 2005 ಅಂತ ಒತ್ತಿದ್ದು ನಾನೇ

ಒಂದು ತಪ್ಪು ಒಪ್ಪಿಕೊಳ್ಳಬೇಕು. ಮಗಳು ಆರನೇ ಕ್ಲಾಸಿನಲ್ಲಿದ್ದಾಗ, ಗೆಳತಿಯರೆಲ್ಲ ಸೋಶಿಯಲ್ ಮೀಡಿಯಾದಲ್ಲಿ ಇದ್ದಾರೆ ನಾನೊಬ್ಬಳೇ ಇಲ್ಲ ಅಂತ ಒಂದೇ ಸಮನೆ ಹಟ ಹಿಡಿದಳು. ಹುಟ್ಟಿದ ವರ್ಷ 2013 ಅಂತ ಹಾಕಿದರೆ ಆ್ಯಪ್ ಒಳಗೆ ಬಿಡಲಿಲ್ಲ, 13 ತುಂಬಿರಬೇಕಂತೆ. ನಾನೇ ಫೋನ್ ಇಸ್ಕೊಂಡು, ಯಾವುದೋ ಒಂದು ಇರಲಿ ಅಂತ 2005 ಒತ್ತಿದೆ. ಬಸ್ಸಿನಲ್ಲಿ ಅರ್ಧ ಟಿಕೆಟ್‌ಗೋಸ್ಕರ ಮಕ್ಕಳ ವಯಸ್ಸು ಇಳಿಸುತ್ತಿದ್ದ ಜನ ನಾವು. ಇಲ್ಲಿ ಏರಿಸಿದೆ, ಅಷ್ಟೇ.

ಕಳೆದ ದಸರಾ ರಜೆಯಲ್ಲಿ ಅಜ್ಜಿ ಹೊಲಿಸಿಕೊಟ್ಟ ಹಸಿರು ಲಂಗ ಉಟ್ಟು, ತುಳಸಿಕಟ್ಟೆ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹಾಕಿದಳು. ಊಟಕ್ಕೆ ಕೂತರೂ ತಟ್ಟೆ ಪಕ್ಕದಲ್ಲೇ ಫೋನ್. ಬಲಗೈಯಲ್ಲಿ ಅನ್ನ ಕಲಸುವುದು, ಎಡಗೈಯಲ್ಲಿ ಫೋನ್ ಎತ್ತಿ ನೋಡುವುದು. ಸಾರು ಮುಗಿದು ಮಜ್ಜಿಗೆ ಬರುವಷ್ಟರಲ್ಲಿ ಫೋಟೋ ಡಿಲೀಟ್ ಆಗಿತ್ತು. ಹನ್ನೊಂದು ಲೈಕ್ ಬಂದಿತ್ತಂತೆ, ಪಕ್ಕದ ಬೆಂಚಿನವಳಿಗೆ ತೊಂಬತ್ತು. ಆ ಲಂಗವನ್ನು ಅವಳು ಮತ್ತೆ ಉಡಲೇ ಇಲ್ಲ.

ನಮ್ಮ ಕಾಲದಲ್ಲೂ ಮದುವೆ ಮನೆಯಲ್ಲಿ "ಎಷ್ಟು ಕಪ್ಪಾಗಿದ್ದೀಯೋ" ಅನ್ನುವವರು ಇದ್ದರು. ಆದರೆ ಚಪ್ಪರ ಬಿಚ್ಚಿದ ಮೇಲೆ ಆ ಮಾತೂ ಮುಗಿಯುತ್ತಿತ್ತು. ಮುಖದಲ್ಲಿ ಮೊಡವೆ ಏಳುವ, ಕನ್ನಡಿ ಕಂಡರೇ ಸಿಟ್ಟು ಬರುವ ವಯಸ್ಸಿನಲ್ಲಿ ದಿನಾ ಅಂಕಿ ಸಮೇತ ತೂಗಿಸಿಕೊಳ್ಳುವುದಿದೆಯಲ್ಲ, ಅದು ನಮಗೆ ಗೊತ್ತೇ ಇರಲಿಲ್ಲ.

2022ರಲ್ಲಿ ಬ್ರಿಟನ್ನಿನ ಸಂಶೋಧಕಿ ಏಮಿ ಆರ್ಬೆನ್ ಮತ್ತು ಜೊತೆಗಾರರು 10ರಿಂದ 21 ವಯಸ್ಸಿನ 17,000ಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ಸೋಶಿಯಲ್ ಮೀಡಿಯಾ ಬಳಕೆ ಜಾಸ್ತಿಯಾದರೆ ಒಂದು ವರ್ಷದ ನಂತರ ಬದುಕಿನ ಬಗ್ಗೆ ಖುಷಿ ಕಡಿಮೆ. ಇದು ಎದ್ದು ಕಂಡಿದ್ದು ಹುಡುಗಿಯರಲ್ಲಿ 11–13ರಲ್ಲಿ, ಹುಡುಗರಲ್ಲಿ 14–15ರಲ್ಲಿ, ಆಮೇಲೆ ಇಬ್ಬರಲ್ಲೂ 19ರ ಹೊತ್ತಿಗೆ. ಇದೇ ಕಾರಣ ಅಂತ ಅವರೇನೂ ಗೆರೆ ಕೊರೆದಂತೆ ಹೇಳಿಲ್ಲ. ನನಗೆ ತಟ್ಟಿದ್ದು ಅದರಲ್ಲಿದ್ದ ಇನ್ನೊಂದು ಮಾತು: ಖುಷಿ ಕಡಿಮೆ ಇದ್ದ ಮಕ್ಕಳ ಬಳಕೆ ಮುಂದಿನ ವರ್ಷ ಹೆಚ್ಚಾಗಿತ್ತು. ಅಂದರೆ ಸುಮ್ನೆ "ಎಷ್ಟು ಹೊತ್ತು ಫೋನು" ಅಂತ ಗದರುವುದರಿಂದ ಏನೂ ಬಗೆಹರಿಯಲ್ಲ. ಅವಳು ಆಗಲೇ ಯಾವುದಕ್ಕೋ ಬೇಜಾರಾಗಿ ಅದನ್ನು ಕೈಗೆತ್ತಿಕೊಂಡಿರಬಹುದು ಅಲ್ವಾ? ನಾನು ಯಾವತ್ತೂ ಕೇಳಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಅಕೌಂಟ್ ಇಲ್ಲ. ಕಂಪನಿಗಳೇ ತಡೆಯಬೇಕು, ದಂಡವೂ ಅವರಿಗೇ. ನನಗೆ ಅದು ಸರಿ ಅನಿಸುತ್ತದೆ. ನಮ್ಮ 2023ರ ಡೇಟಾ ಕಾಯ್ದೆಯಲ್ಲಿ 18ರೊಳಗಿನ ಮಕ್ಕಳ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಅಂತಿದೆ. ಹೆತ್ತವರು ಅಂದರೆ ಯಾರು? 2005 ಅಂತ ಒತ್ತಿದ ನಾನೇ.

ಈಗ ರಾತ್ರಿ ಒಂಬತ್ತಾದರೆ ಮನೆಯ ಮೂರೂ ಫೋನು ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಚಾರ್ಜಿಗೆ. ಕಷ್ಟ ಆಗುತ್ತಿರುವುದು ಅವಳಿಗಿಂತ ನನಗೇ ಜಾಸ್ತಿ. ಆದರೆ ಆ್ಯಪ್ ಲೆಕ್ಕದಲ್ಲಿ ಅವಳಿಗೆ 20 ದಾಟಿದೆ, ಚಿಕ್ಕವರಿಗೆ ಅಂತ ಇಟ್ಟ ಯಾವ ತಡೆಯೂ ಅವಳಿಗಿಲ್ಲ. ಇವತ್ತು ಆ ವರ್ಷ ತಿದ್ದೋಣ ಅಂತ ಕೂತೆ. "ಅಪ್ಪ, ತಿದ್ದಿದ್ರೆ ಅಕೌಂಟೇ ಹೋಗುತ್ತೆ" ಅಂತ ಬಾಗಿಲಲ್ಲಿ ನಿಂತಿದ್ದಾಳೆ.